ಮಾನವ ಹಕ್ಕು ಕಾನೂನಿನಲ್ಲಿ ಮಾಸ್ಟರ್ಸ್: ಎಸೆಕ್ಸ್, ಆಕ್ಸ್‌ಫರ್ಡ್, ಜಿನೀವಾ, ಲುಂಡ್, ಇಲ್ಲಾ ನಾಗರಬಾವಿ?

ಎಲ್‌ಎಲ್‌ಬಿ ಮುಗಿಸಿ ಒಂದೆರಡು ವರ್ಷ ಕೋರ್ಟಿಗೆ ಓಡಾಡಿದವರು, ಎನ್‌ಜಿಒಗಳಲ್ಲಿ ದುಡಿಯುತ್ತಿರುವವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಅಂತರರಾಷ್ಟ್ರೀಯ ಮಾನವ ಹಕ್ಕು ಕಾನೂನು ಓದಬೇಕು, ಯಾವ ಯೂನಿವರ್ಸಿಟಿ ಒಳ್ಳೇದು? ರ‍್ಯಾಂಕಿಂಗ್ ಪಟ್ಟಿ ನೋಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಅದು ಇಡೀ ಯೂನಿವರ್ಸಿಟಿಗೆ ಕೊಟ್ಟ ಅಂಕ. ಮೆಡಿಕಲ್, ಎಂಜಿನಿಯರಿಂಗ್ ಎಲ್ಲ ಅದರಲ್ಲಿ ಸೇರಿರುತ್ತದೆ. ಈ ಒಂದು ವಿಷಯಕ್ಕೆ ಹೆಸರಾದ ಜಾಗಗಳಲ್ಲಿ ಕೆಲವು ಆ ಪಟ್ಟಿಯಲ್ಲಿ ಎಲ್ಲೋ ಕೆಳಗಿರುತ್ತವೆ.

ಅದಕ್ಕಿಂತ ಉಪಯೋಗಕ್ಕೆ ಬರುವ ಪ್ರಶ್ನೆ ಬೇರೆ ಇದೆ. ಓದು ಮುಗಿದ ಮೇಲೆ ನೀವು ಎಲ್ಲಿ ಕೂತು ಏನು ಕೆಲಸ ಮಾಡುತ್ತೀರಿ? ಬೆಂಗಳೂರು, ಧಾರವಾಡ, ಕಲಬುರಗಿಯ ಹೈಕೋರ್ಟ್ ಪೀಠಗಳಲ್ಲಿ ರಿಟ್ ಹಾಕುತ್ತೀರಾ? ವಿಶ್ವಸಂಸ್ಥೆಯ ಕಡೆ ಕಣ್ಣಿದೆಯಾ? ಲಾ ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಾ? ಮೂರಕ್ಕೂ ಹೊಂದುವ ಒಂದೇ ಕೋರ್ಸ್ ಇಲ್ಲ. ಉತ್ತರ ಇನ್ನೂ ಗೊತ್ತಿಲ್ಲದಿದ್ದರೆ ಅರ್ಜಿ ಹಾಕುವುದನ್ನೇ ಒಂದು ವರ್ಷ ಮುಂದೂಡಿ ಅನ್ನುತ್ತೇನೆ ನಾನು.

ಮೊದಲು ಸಿಲಬಸ್ ತೆರೆಯಿರಿ

ಇದರಲ್ಲಿ ಎರಡು ವ್ಯವಸ್ಥೆಗಳಿವೆ. ಒಂದು ವಿಶ್ವಸಂಸ್ಥೆಯದು: ಒಂಬತ್ತು ಮುಖ್ಯ ಒಪ್ಪಂದಗಳು, ಅವುಗಳ ಸಮಿತಿಗಳು, ಒಂದೊಂದು ವಿಷಯಕ್ಕೆ ನೇಮಕವಾಗುವ ತಜ್ಞರಾದ ವಿಶೇಷ ವರದಿಗಾರರು, ಎಲ್ಲ ದೇಶಗಳೂ ಸರದಿಯಲ್ಲಿ ಉತ್ತರ ಕೊಡಬೇಕಾದ ಯುಪಿಆರ್ ಪರಿಶೀಲನೆ. ಇನ್ನೊಂದು ಪ್ರಾದೇಶಿಕ ಕೋರ್ಟುಗಳದು. ಯುರೋಪಿಗೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್, ಅಮೆರಿಕ ಖಂಡಗಳಿಗೆ ಕೋಸ್ಟರಿಕಾದ ಸ್ಯಾನ್ ಹೋಸೆ, ಆಫ್ರಿಕಕ್ಕೆ ತಾಂಜಾನಿಯಾದ ಅರುಷಾ. ಏಷ್ಯಾಕ್ಕೆ ಅಂಥ ಕೋರ್ಟೇ ಇಲ್ಲ. ಆಸಿಯಾನ್ ದೇಶಗಳು 2009ರಲ್ಲಿ ಒಂದು ಆಯೋಗ ಮಾಡಿಕೊಂಡಿವೆ. ಭಾರತ ಅದರಲ್ಲೂ ಇಲ್ಲ.

ಭಾರತ ನಾಗರಿಕ-ರಾಜಕೀಯ ಹಕ್ಕುಗಳ ಮತ್ತು ಆರ್ಥಿಕ-ಸಾಮಾಜಿಕ ಹಕ್ಕುಗಳ 1966ರ ಎರಡು ದೊಡ್ಡ ಒಡಂಬಡಿಕೆಗಳಿಗೆ 1979ರಲ್ಲಿ ಸೇರಿತು. ಆದರೆ ಪ್ರಜೆಯೊಬ್ಬ ಸಮಿತಿಗೆ ನೇರ ದೂರು ಕೊಡಲು ದಾರಿ ಮಾಡುವ ಪ್ರೋಟೋಕಾಲ್‌ಗಳಿಗೆ ಸೇರಲಿಲ್ಲ. ಚಿತ್ರಹಿಂಸೆ ವಿರುದ್ಧದ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿತು, ಇವತ್ತಿನವರೆಗೂ ಅಂಗೀಕರಿಸಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕಂತೂ ಸೇರಲೇ ಇಲ್ಲ. ಹಾಗಾಗಿ ನಮ್ಮ ವಕೀಲರಿಗೆ ಅಂತರರಾಷ್ಟ್ರೀಯ ಕಾನೂನು ಕೈಗೆ ಬರುವುದು ಸುತ್ತು ದಾರಿಯಲ್ಲಿ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗೆಗಿನ 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮಹಿಳಾ ತಾರತಮ್ಯದ ಒಪ್ಪಂದವನ್ನು ಸಂವಿಧಾನದ ಜೊತೆ ಸೇರಿಸಿ ಓದಿತಲ್ಲ, ಹಾಗೆ.

ಈಗ ಯುರೋಪಿನ ಒಂದು ಕೋರ್ಸಿನ ಐಚ್ಛಿಕ ವಿಷಯಗಳ ಪಟ್ಟಿ ತೆಗೆದು ನೋಡಿ. ಎಷ್ಟು ವಿಷಯ ಸ್ಟ್ರಾಸ್‌ಬರ್ಗ್ ಸುತ್ತಲೇ ತಿರುಗುತ್ತವೆ ಎಂದು ಎಣಿಸಿ. ಅರ್ಧಕ್ಕಿಂತ ಜಾಸ್ತಿ ಇದ್ದರೆ, ನೀವು ಯಾವತ್ತೂ ಮೆಟ್ಟಿಲು ಹತ್ತಲಾಗದ ಕೋರ್ಟಿನ ನಿಯಮ ಕಲಿಯಲು ಲಕ್ಷಗಟ್ಟಲೆ ಕೊಡುತ್ತಿದ್ದೀರಿ. ಕೆಲವು ಕಡೆ ಕೋರ್ಸಿನ ಹೆಸರೇ ಹೇಳಿಬಿಡುತ್ತದೆ. ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿರುವುದು ‘ಯುರೋಪಿಯನ್ ಮತ್ತು ಅಂತರರಾಷ್ಟ್ರೀಯ ಮಾನವ ಹಕ್ಕು ಕಾನೂನು’. ಒಳ್ಳೆಯ ಕೋರ್ಸೇ. ಆದರೆ ಹೆಸರಿನಲ್ಲಿ ಯಾವುದು ಮೊದಲು ಬಂದಿದೆ ನೋಡಿ.

ಹಾಗಂತ ಸ್ಟ್ರಾಸ್‌ಬರ್ಗ್ ಪೂರ್ತಿ ದಂಡವೂ ಅಲ್ಲ. 2017ರ ಖಾಸಗಿತನದ ತೀರ್ಪು ಗೊತ್ತಲ್ವಾ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನದು? ಅದರಲ್ಲಿ ಸ್ಟ್ರಾಸ್‌ಬರ್ಗ್ ತೀರ್ಪುಗಳ ಚರ್ಚೆ ಧಾರಾಳವಾಗಿದೆ. ಸಲಿಂಗ ಸಂಬಂಧ ಅಪರಾಧವಲ್ಲ ಎಂದ 2018ರ ಸೆಕ್ಷನ್ 377ರ ತೀರ್ಪಿನಲ್ಲೂ ಇದೆ. ಸಾಂವಿಧಾನಿಕ ಪ್ರಕರಣ ನಡೆಸುವವರಿಗೆ ಒಂದು ಪೇಪರ್ ಸಾಕು, ನಾಲ್ಕು ಬೇಡ.

ಎಸೆಕ್ಸ್: ಕೆಲಸ ಕಲಿಯಲು

ಇಂಗ್ಲೆಂಡಿನ ಕೋಲ್ಚೆಸ್ಟರ್ ಎಂಬ ಊರಿನಲ್ಲಿರುವ ಎಸೆಕ್ಸ್ ಯೂನಿವರ್ಸಿಟಿಯಲ್ಲಿ ಮಾನವ ಹಕ್ಕು ಕೇಂದ್ರ 1980ರ ದಶಕದಿಂದ ನಡೆಯುತ್ತಿದೆ. ವಿಶ್ವಸಂಸ್ಥೆಯ ಚಿತ್ರಹಿಂಸೆ ಕುರಿತ ವಿಶೇಷ ವರದಿಗಾರರಾಗಿದ್ದ ನೈಜೆಲ್ ರಾಡ್ಲಿ, ಆರೋಗ್ಯದ ಹಕ್ಕಿನ ವರದಿಗಾರರಾಗಿದ್ದ ಪಾಲ್ ಹಂಟ್ ಇಬ್ಬರೂ ಇಲ್ಲೇ ಪಾಠ ಮಾಡಿದವರು. ಅಂದರೆ ವರದಿಯನ್ನು ಹೇಗೆ ಬರೆಯುತ್ತಾರೆ ಎಂದು ಬರೆದವರೇ ಹೇಳಿಕೊಟ್ಟ ಜಾಗ. ಆ ರೂಢಿ ಅಲ್ಲಿನ ಕಾನೂನು ಕ್ಲಿನಿಕ್‌ನಲ್ಲಿ ಉಳಿದುಕೊಂಡಿದೆ. ವಿದ್ಯಾರ್ಥಿಗಳು ಗುಂಪಾಗಿ ಹೊರಗಿನ ಸಂಸ್ಥೆಗಳಿಗೆ ನಿಜವಾದ ಕೆಲಸ ಮಾಡಿಕೊಡುತ್ತಾರೆ.

ಅದರಲ್ಲಿ ನನಗೆ ತುಂಬಾ ಹಿಡಿಸುವುದು ಡಿಜಿಟಲ್ ಪರಿಶೀಲನೆ. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಕೆಲವು ಯೂನಿವರ್ಸಿಟಿಗಳ ಜೊತೆ ಸೇರಿ 2016ರಲ್ಲಿ ಶುರು ಮಾಡಿದ ಜಾಲದಲ್ಲಿ ಎಸೆಕ್ಸ್ ಮೊದಲಿನಿಂದ ಇದೆ. ಕೆಲಸ ಹೀಗಿರುತ್ತದೆ. ಎಲ್ಲೋ ಪೊಲೀಸರು ಜನರನ್ನು ಹೊಡೆಯುವ ವಿಡಿಯೊ ಹರಿದಾಡುತ್ತಿದೆ. ಅದು ಹೇಳಿದ ಊರಿನದ್ದೇ ಹೌದಾ, ಹೇಳಿದ ದಿನದ್ದೇ ಹೌದಾ? ಫ್ರೇಮ್ ಫ್ರೇಮ್ ನಿಲ್ಲಿಸಿ ನೋಡಬೇಕು. ಹಿಂದೆ ಕಾಣುವ ನೀರಿನ ಟ್ಯಾಂಕು, ಅಂಗಡಿ ಬೋರ್ಡು, ಟ್ರಾನ್ಸ್‌ಫಾರ್ಮರ್, ರಸ್ತೆಯ ತಿರುವು ಗುರುತು ಹಾಕಿಕೊಂಡು ಉಪಗ್ರಹದ ಚಿತ್ರದಲ್ಲಿ ಹುಡುಕಬೇಕು. ನೆರಳು ಯಾವ ಕಡೆ, ಎಷ್ಟು ಉದ್ದ ಬಿದ್ದಿದೆ ಎಂದು ನೋಡಿ ಹೊತ್ತು ಲೆಕ್ಕ ಹಾಕಬೇಕು. ಅದೇ ವಿಡಿಯೊ ಎರಡು ವರ್ಷದ ಹಿಂದೆ ಬೇರೆ ಹೆಸರಲ್ಲಿ ಬಂದಿತ್ತಾ ಎಂದು ತಡಕಬೇಕು. ಕನ್ನಡ, ತೆಲುಗು, ಉರ್ದು ಬೋರ್ಡು ಓದಬಲ್ಲ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಇಂಥ ಕೆಲಸದಲ್ಲಿ ಒಳ್ಳೆ ಬೆಲೆ. ವಾಪಸ್ ಬಂದ ಮೇಲೂ ಇದು ಕೈ ಹಿಡಿಯುವ ವಿದ್ಯೆ, ಸ್ಟ್ರಾಸ್‌ಬರ್ಗ್ ಇರಲಿ ಬಿಡಲಿ.

ಕಾನೂನು ಓದದವರಿಗೆ ಇಲ್ಲೇ ಮಾನವ ಹಕ್ಕುಗಳ ಎಂಎ ಕೂಡ ಇದೆ. ಸಮಾಜಕಾರ್ಯ, ಪತ್ರಿಕೋದ್ಯಮದಿಂದ ಬರುವವರು ಅದನ್ನೇ ನೋಡುವುದು ಒಳ್ಳೇದು.

ಆಕ್ಸ್‌ಫರ್ಡ್: ಕೆಲಸ ಬಿಡಲಾಗದವರಿಗೆ

ಆಕ್ಸ್‌ಫರ್ಡ್‌ನ ಮಾನವ ಹಕ್ಕು ಕೋರ್ಸ್ ಎಲ್‌ಎಲ್‌ಎಂ ಅಲ್ಲ, ಎಂಎಸ್‌ಸಿ. ಪಾರ್ಟ್‌ಟೈಮ್, ಸುಮಾರು ಎರಡು ವರ್ಷ. ಹೆಚ್ಚಿನ ಭಾಗವನ್ನು ಮನೆಯಲ್ಲೇ ಕೂತು ಆನ್‌ಲೈನ್ ಓದುತ್ತೀರಿ. ಎರಡು ಬೇಸಿಗೆಗಳಲ್ಲಿ ಕೆಲವು ವಾರ ಅಲ್ಲಿನ ನ್ಯೂ ಕಾಲೇಜಿಗೆ ಹೋಗಿ ಇರಬೇಕು. ನಿಮ್ಮ ಚೇಂಬರ್ ಮುಚ್ಚಬೇಕಿಲ್ಲ, ಕ್ಲೈಂಟುಗಳು ಕೈತಪ್ಪುವುದಿಲ್ಲ. ಐದಾರು ವರ್ಷ ಪ್ರಾಕ್ಟೀಸ್ ಆದ ವಕೀಲರಿಗೆ ಇದಕ್ಕಿಂತ ಅನುಕೂಲದ ಏರ್ಪಾಡು ನನಗೆ ಕಾಣುವುದಿಲ್ಲ. ಜೊತೆಗೆ ಕೂರುವವರೂ ಬೇರೆ ಬೇರೆ ದೇಶದಲ್ಲಿ ಕೆಲಸದಲ್ಲಿರುವವರೇ. ಆ ಪರಿಚಯವೇ ಅರ್ಧ ಕೋರ್ಸ್.

ತೊಂದರೆ ಎರಡು. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್ ಪಾರ್ಟ್‌ಟೈಮ್ ಕೋರ್ಸಿಗೆ ಸಿಗುವುದಿಲ್ಲ. ಮತ್ತೆ, ಕಾಲೇಜಿನಲ್ಲಿ ಕಾನೂನು ಪಾಠ ಮಾಡುವ ಯೋಚನೆ ಇದ್ದರೆ ಎಂಎಸ್‌ಸಿ ಎಂಬ ಹೆಸರು ಕಾಡುತ್ತದೆ. ಆಯ್ಕೆ ಸಮಿತಿ ಕೇಳುವುದು ಎಲ್‌ಎಲ್‌ಎಂ. ಹೊಸದಾಗಿ ಎಲ್‌ಎಲ್‌ಬಿ ಮುಗಿಸಿದವರು ಆಕ್ಸ್‌ಫರ್ಡ್ ಹೆಸರಿಗೆ ಮರುಳಾಗಿ ಇಲ್ಲಿ ಅರ್ಜಿ ಹಾಕುವುದು ಸುಮ್ನೆ. ಅನುಭವ ಇದ್ದವರಿಗೇ ಅಂತ ಮಾಡಿದ ಕೋರ್ಸ್ ಅದು.

ಜಿನೀವಾ: ವಿಶ್ವಸಂಸ್ಥೆಯ ಬಾಗಿಲಲ್ಲಿ

ಜಿನೀವಾ ಅಕಾಡೆಮಿಯನ್ನು 2007ರಲ್ಲಿ ಜಿನೀವಾ ಯೂನಿವರ್ಸಿಟಿ ಮತ್ತು ಅಲ್ಲಿನ ಗ್ರ್ಯಾಜುಯೇಟ್ ಇನ್‌ಸ್ಟಿಟ್ಯೂಟ್ ಸೇರಿ ಕಟ್ಟಿದವು. ಇಲ್ಲಿನ ಒಂದು ವರ್ಷದ ಎಲ್‌ಎಲ್‌ಎಂನಲ್ಲಿ ಮಾನವ ಹಕ್ಕುಗಳ ಜೊತೆಗೆ ಯುದ್ಧಕಾಲದ ಮಾನವೀಯ ಕಾನೂನೂ ಸರಿಸಮ ಇದೆ. ರೆಡ್ ಕ್ರಾಸ್ ಹುಟ್ಟಿದ ಊರು, ಸಹಜವೇ. ಯುದ್ಧದ ಕಾನೂನು ನಿಮಗೆ ಬೇಡವಾದರೆ ಇಲ್ಲಿ ಅರ್ಧ ವರ್ಷ ಬೇಸರವಾಗುತ್ತದೆ.

ಇಲ್ಲಿಯ ನಿಜವಾದ ಲಾಭ ಜಾಗದ್ದು. ಅಕಾಡೆಮಿ ಇರುವ ವಿಲ್ಲಾ ಮೊಯ್ನಿಯೆ ಸರೋವರದ ದಂಡೆಯಲ್ಲಿದೆ. ಅಲ್ಲಿಂದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿಗೆ ನಡೆದೇ ಹೋಗಬಹುದು. 2024ರ ಜುಲೈನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಭಾರತದ ವರದಿಯನ್ನು ಕೈಗೆತ್ತಿಕೊಂಡಿತು. ಅದಕ್ಕೆ ಮುಂಚೆ ಭಾರತ ಆ ಸಮಿತಿಯ ಮುಂದೆ ಕೂತಿದ್ದು 1997ರಲ್ಲಿ. 27 ವರ್ಷಕ್ಕೊಮ್ಮೆ ಬಂದ ಆ ಕಲಾಪ ಬಹಿರಂಗ. ಸರ್ಕಾರದ ನಿಯೋಗ ಒಂದು ಕಡೆ, ಸಮಿತಿಯ ತಜ್ಞರು ಇನ್ನೊಂದು ಕಡೆ, ಹಿಂದಿನ ಸಾಲುಗಳಲ್ಲಿ ಎನ್‌ಜಿಒಗಳು. ಯಾವ ಪ್ರಶ್ನೆಗೆ ಉತ್ತರ ಬಂತು, ಯಾವುದು ಜಾರಿಕೊಂಡಿತು ಎನ್ನುವುದು ಪುಸ್ತಕದಲ್ಲಿ ಕಾಣುವುದಿಲ್ಲ.

ಹಾಗೇ ಯುಪಿಆರ್. ಭಾರತದ ಸರದಿ 2008, 2012, 2017, 2022ರಲ್ಲಿ ಬಂದಿತ್ತು. ಎನ್‌ಜಿಒ ಒಂದೇ ಸಲ್ಲಿಸುವ ವರದಿಗೆ 2,815 ಪದಗಳ ಮಿತಿ, ಹಲವರು ಸೇರಿ ಸಲ್ಲಿಸಿದರೆ 5,630. ರಾಯಚೂರಿನ ಮಲಹೊರುವ ಕಾರ್ಮಿಕರಿಂದ ಹಿಡಿದು ಕಾಶ್ಮೀರದವರೆಗೆ ಏನೇ ಹೇಳಬೇಕಿದ್ದರೂ ಅಷ್ಟರೊಳಗೇ. ಜಿನೀವಾದಲ್ಲಿ ಓದುವವರಿಗೆ ಇದನ್ನು ಬರೆಯುವವರು, ಓದುವವರು, ಅದರ ಮೇಲೆ ರಾಯಭಾರಿಗಳನ್ನು ಹಿಡಿದು ಒಪ್ಪಿಸುವವರು ಎಲ್ಲ ಒಂದೇ ಕೆಫೆಟೇರಿಯಾದಲ್ಲಿ ಸಿಗುತ್ತಾರೆ.

ಖರ್ಚು ಮಾತ್ರ ಮೈ ಬೆವರಿಸುತ್ತದೆ. ಬಾಡಿಗೆ, ಊಟ, ಇನ್ಶೂರೆನ್ಸ್ ಎಲ್ಲ ಸೇರಿ ತಿಂಗಳಿಗೆ 2,000 ಫ್ರಾಂಕ್ ಆಸುಪಾಸು ಇಟ್ಟುಕೊಳ್ಳಿ. ಪಾಠ ಇಂಗ್ಲಿಷಿನಲ್ಲೇ ನಡೆದರೂ ಫ್ರೆಂಚ್ ಬರದಿದ್ದರೆ ಮುಂದೆ ಕೆಲಸಕ್ಕೆ ಹಿನ್ನಡೆ. ಇನ್ನೊಂದು ವಿಷಯ: ಹೈಕಮಿಷನರ್ ಕಚೇರಿಯ ಇಂಟರ್ನ್‌ಶಿಪ್‌ಗೆ ಸಂಬಳವಿಲ್ಲ. ಕೋರ್ಸ್ ಮುಗಿದ ಮೇಲೆ ಆರು ತಿಂಗಳು ಅಲ್ಲೇ ಇಂಟರ್ನ್ ಆಗಿ ಇರ್ತೀನಿ ಅನ್ನುವವರು ಆ ಆರು ತಿಂಗಳ ಬಾಡಿಗೆಯನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಬೇಕು.

ಲುಂಡ್, ಗಾಲ್ವೇ, ಇನ್ನು ಕೆಲವು

ಸ್ವೀಡನ್ನಿನ ಲುಂಡ್‌ನಲ್ಲಿ ಕೋರ್ಸ್ ಎರಡು ವರ್ಷ. ಮಾನವ ಹಕ್ಕು ಸಂಶೋಧನೆಯ ರೌಲ್ ವಾಲೆನ್‌ಬರ್ಗ್ ಸಂಸ್ಥೆ 1984ರಿಂದ ಅದೇ ಊರಿನಲ್ಲಿದೆ, ಅದರ ಲೈಬ್ರರಿ ಈ ವಿಷಯಕ್ಕೆ ಖ್ಯಾತ. ಮುಂದೆ ಪಿಎಚ್‌ಡಿ ಮಾಡುವವರಿಗೆ, ಪಾಠ ಮಾಡುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ. ಒಂದು ವರ್ಷದ ಕೋರ್ಸಿನಲ್ಲಿ ಪ್ರಬಂಧದ ವಿಷಯ ಹೊಳೆಯುವಷ್ಟರಲ್ಲಿ ಸಲ್ಲಿಸುವ ದಿನ ಬಂದಿರುತ್ತದೆ. ಇಲ್ಲಿ ಕೂತು ಯೋಚಿಸಲು ಸಮಯವಿದೆ. ಆದರೆ ಎರಡು ವರ್ಷದ ಫೀಸು, ಎರಡು ವರ್ಷದ ಬಾಡಿಗೆ. ಉತ್ತರ ಯುರೋಪಿನಲ್ಲಿ ಓದು ಪುಕ್ಕಟೆ ಎಂದು ಈಗಲೂ ಹೇಳುವವರಿದ್ದಾರೆ. ನಮ್ಮಂಥ ಹೊರಗಿನವರಿಗೆ ಸ್ವೀಡನ್ 2011ರಿಂದ, ಫಿನ್‌ಲೆಂಡ್ 2017ರಿಂದ, ನಾರ್ವೆ 2023ರಿಂದ ಫೀಸು ಹಾಕುತ್ತಿವೆ.

ಐರ್ಲೆಂಡಿನ ಗಾಲ್ವೇಯಲ್ಲಿರುವ ಐರಿಷ್ ಮಾನವ ಹಕ್ಕು ಕೇಂದ್ರ ನರಮೇಧ ಕಾನೂನಿನ ತಜ್ಞ ವಿಲಿಯಂ ಶಾಬಾಸ್ ಕಟ್ಟಿ ಬೆಳೆಸಿದ್ದು. ನರಮೇಧ, ಅಂತರರಾಷ್ಟ್ರೀಯ ಅಪರಾಧ, ನಿರಾಶ್ರಿತರು ಇಷ್ಟರಲ್ಲಿ ಆಸಕ್ತಿ ಇದ್ದರೆ ಇಲ್ಲಿಗೆ ಹೋಗಿ. ಮ್ಯಾನ್ಮಾರಿನ ರೋಹಿಂಗ್ಯಾ ಜನರ ಮೇಲಿನ ದೌರ್ಜನ್ಯದ ಬಗ್ಗೆ ಈ ಕೇಂದ್ರ 2010ರಲ್ಲೇ ವರದಿ ತಂದಿತ್ತು. ಜಗತ್ತು ಎಚ್ಚೆತ್ತುಕೊಂಡದ್ದು 2017ರಲ್ಲಿ. ಐರಿಷ್ ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕರೆ ಪೂರ್ತಿ ಫೀಸು ಮಾಫಿ, ಮೇಲೆ 10,000 ಯೂರೊ.

ವೆನಿಸ್‌ನ ಲಿಡೊ ದ್ವೀಪದ ಹಳೇ ಮಠದಲ್ಲಿ ನಡೆಯುವ ಯುರೋಪಿಯನ್ ಮಾಸ್ಟರ್ಸ್ 1997ರಿಂದ ಇದೆ. ಮೊದಲ ಸೆಮಿಸ್ಟರ್ ಅಲ್ಲಿ, ಎರಡನೆಯದು ಯುರೋಪಿನ ಬೇರೊಂದು ಯೂನಿವರ್ಸಿಟಿಯಲ್ಲಿ. ನೋಡಲು ಚೆಂದ, ಹೆಸರು ಹೇಳುವಂತೆ ಯುರೋಪಿನವರಿಗೆ ಮಾಡಿದ್ದು. ಅದೇ ಬಳಗದ ಏಷ್ಯಾ ಕೋರ್ಸ್ ಥಾಯ್ಲೆಂಡಿನ ಮಹಿಡೋಲ್ ಯೂನಿವರ್ಸಿಟಿಯಲ್ಲಿದೆ. ನಮ್ಮವರು ಯಾಕೋ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಏಷ್ಯಾದ ಎನ್‌ಜಿಒಗಳಲ್ಲಿ ಕೆಲಸ ಮಾಡುವವರಿಗೆ ಬ್ಯಾಂಕಾಕ್ ಕಡೆಯ ಪರಿಚಯಗಳು ಕೋಲ್ಚೆಸ್ಟರ್‌ಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತವೆ, ಖರ್ಚೂ ಕಮ್ಮಿ.

ಅಮೆರಿಕದಲ್ಲಿ ನಾಟರ್ ಡೇಮ್‌ನ ಎಲ್‌ಎಲ್‌ಎಂ ಈ ವಿಷಯಕ್ಕೇ ಮೀಸಲು, ತರಗತಿ ಚಿಕ್ಕದು. ಎಲ್‌ಎಲ್‌ಎಂ ಮಾಡಿಕೊಂಡು ನ್ಯೂಯಾರ್ಕ್ ಬಾರ್ ಪರೀಕ್ಷೆ ಬರೆಯುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಅದಕ್ಕೆ ಅಮೆರಿಕನ್ ಕಾನೂನಿನ ಕೆಲವು ವಿಷಯ ಓದಿರಲೇಬೇಕು. ಬರೀ ಮಾನವ ಹಕ್ಕಿನ ಪೇಪರುಗಳನ್ನೇ ತೆಗೆದುಕೊಂಡರೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ.

ನಾಗರಬಾವಿಯನ್ನು ಮರೆಯಬೇಡಿ

ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್‌ನ ಒಂದು ವರ್ಷದ ಎಲ್‌ಎಲ್‌ಎಂಗೆ ಕ್ಲ್ಯಾಟ್ ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು. ಅದು ಸಾಧ್ಯವಾಗದವರಿಗೆ, ತಾಲೂಕು ಕೋರ್ಟಿನ ವಕೀಲರಿಗೆ, ಶಿಕ್ಷಕರಿಗೆ, ಸಮಾಜಕಾರ್ಯದಲ್ಲಿರುವವರಿಗೆ ಅಲ್ಲೇ ಮಾನವ ಹಕ್ಕು ಕಾನೂನಿನ ದೂರಶಿಕ್ಷಣ ಪಿಜಿ ಡಿಪ್ಲೊಮಾ ಇದೆ. ಪದವಿ ಯಾವುದಾದರೂ ನಡೆಯುತ್ತದೆ.

ಕರ್ನಾಟಕದಲ್ಲೇ ಇದ್ದು ಜೀತ, ಮಲಹೊರುವ ಪದ್ಧತಿ, ಲಾಕಪ್ ಸಾವು, ಅರಣ್ಯ ಹಕ್ಕು ಇಂಥ ಪ್ರಕರಣ ನಡೆಸುವವರಿಗೆ ಅಂತರರಾಷ್ಟ್ರೀಯ ಒಪ್ಪಂದಗಳಿಗಿಂತ ಮೊದಲು ಬೇಕಾಗುವುದು 1976ರ ಜೀತ ನಿರ್ಮೂಲನೆ ಕಾಯ್ದೆ, 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆ, ಆಯೋಗಗಳ ಮುಂದೆ ದೂರು ನಿಲ್ಲಿಸುವ ಬಗೆ. ಅದನ್ನು ಕೋಲ್ಚೆಸ್ಟರ್‌ನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಇನ್ನು ವಿದೇಶಿ ಪದವಿ ಇಲ್ಲದೆ ವಿಶ್ವಸಂಸ್ಥೆ ಸಿಗಲ್ಲ ಎನ್ನುವ ಮಾತು. ಜನಾಂಗೀಯ ತಾರತಮ್ಯದ ಕುರಿತ ವಿಶೇಷ ವರದಿಗಾರರಾಗಿ 2022ರಲ್ಲಿ ನೇಮಕವಾದ ಕೆ.ಪಿ. ಅಶ್ವಿನಿ ಕರ್ನಾಟಕದವರು, ದೆಹಲಿಯ ಜೆಎನ್‌ಯುನಲ್ಲಿ ಓದಿದವರು.

ಪಾಠ ಮಾಡಬೇಕು ಅನ್ನುವವರು ಒಂದು ಗಲಾಟೆಯನ್ನು ತಿಳಿದಿರಬೇಕು. 2021ರ ಜನವರಿಯಲ್ಲಿ ಬಾರ್ ಕೌನ್ಸಿಲ್ ಒಂದು ವರ್ಷದ ಎಲ್‌ಎಲ್‌ಎಂ ತೆಗೆದುಹಾಕುವ ನಿಯಮ ಹೊರಡಿಸಿತು. ವಿದೇಶದ ಒಂದು ವರ್ಷದ ಪದವಿಗೂ ತಕರಾರು ಎತ್ತಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಆ ಸಾಲಿಗೆ ಜಾರಿ ಮಾಡುವುದಿಲ್ಲ ಎಂದು ಕೌನ್ಸಿಲ್ ಒಪ್ಪಿತು, ಒಂದು ವರ್ಷದ ಕೋರ್ಸುಗಳು ಮುಂದುವರಿದವು. ಹಣ ಕಟ್ಟುವ ಮೊದಲು ಆ ಪದವಿಗೆ ಇಲ್ಲಿ ಸಮಾನತೆ ಸಿಗುತ್ತದಾ ಎಂದು ಬರಹದಲ್ಲಿ ಕೇಳಿಕೊಳ್ಳಿ. ಪಿಎಚ್‌ಡಿ ಇಲ್ಲದವರು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್ ಅಥವಾ ಕೆ-ಸೆಟ್ ಅಂತೂ ಬರೆಯಲೇಬೇಕಾಗುತ್ತದೆ.

ದುಡ್ಡಿನ ಮಾತು

ಬ್ರಿಟನ್ನಿನಲ್ಲಿ ಒಂದು ವರ್ಷಕ್ಕೆ ಫೀಸು, ಬಾಡಿಗೆ, ವೀಸಾ ಎಲ್ಲ ಸೇರಿದರೆ 30 ಲಕ್ಷ ದಾಟುವುದು ಸಲೀಸು. ವೀಸಾಕ್ಕೆ ಒಂಬತ್ತು ತಿಂಗಳ ಜೀವನ ಖರ್ಚು ಸತತ 28 ದಿನ ಖಾತೆಯಲ್ಲಿ ಇರಬೇಕು. ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡ್ ಬೇರೆ. ಎನ್‌ಜಿಒ ಸಂಬಳದಲ್ಲಿ ಅಷ್ಟು ಸಾಲ ತೀರುವುದಿಲ್ಲ. ಸ್ಕಾಲರ್‌ಶಿಪ್ ಇಲ್ಲದೆ ಈ ವಿಷಯ ಓದಲು ಜಮೀನು ಅಡ ಇಡಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಾರ್ಪೊರೇಟ್ ಎಲ್‌ಎಲ್‌ಎಂಗೆ ಸಾಲ ಮಾಡುವುದು ಬೇರೆ ಲೆಕ್ಕ.

ಚೀವ್ನಿಂಗ್‌ಗೆ 2,800 ಗಂಟೆ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು. ಮುಗಿಸಿ ಭಾರತಕ್ಕೆ ವಾಪಸ್ ಬಂದು ಎರಡು ವರ್ಷ ಇರಲೇಬೇಕು. ಮೂರು ಕೋರ್ಸ್ ಹೆಸರಿಸಬಹುದು. ಅರ್ಜಿ ಆಗಸ್ಟ್‌ನಲ್ಲಿ ತೆರೆದು ಅಕ್ಟೋಬರ್ ಮೊದಲ ಭಾಗದಲ್ಲಿ ಮುಚ್ಚುತ್ತದೆ, ಯೂನಿವರ್ಸಿಟಿ ಅರ್ಜಿಗಿಂತ ಎಷ್ಟೋ ಮೊದಲು. ಇದನ್ನು ತಪ್ಪಿಸಿಕೊಂಡವರು ಒಂದು ವರ್ಷ ಕಾಯುತ್ತಾರೆ. ಸ್ವೀಡನ್ ಅರ್ಜಿಗೆ ಕೊನೆ ದಿನ ಜನವರಿ ಮಧ್ಯದಲ್ಲಿ ಬರುತ್ತದೆ, 900 ಕ್ರೋನಾ ಶುಲ್ಕ.

ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೂಲಿ ಕುಟುಂಬದವರಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿರಬೇಕು. 2022ರಲ್ಲಿ ಇದರ ನಿಯಮ ಬದಲಾಯಿಸಿ, ಭಾರತೀಯ ಸಂಸ್ಕೃತಿ, ಇತಿಹಾಸ, ಭಾರತದ ಸಾಮಾಜಿಕ ಅಧ್ಯಯನದ ಸಂಶೋಧನಾ ವಿಷಯಗಳನ್ನು ಹೊರಗಿಟ್ಟರು. ಜಾತಿಯ ಬಗ್ಗೆಯೇ ಓದಲು ಹೊರಟವರಿಗೆ ಇದು ಅಡ್ಡಿ. ಅರ್ಜಿಯಲ್ಲಿ ವಿಷಯ ಬರೆಯುವಾಗ ನಿಯಮವನ್ನು ಎರಡು ಸಲ ಓದಿ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ನೋಡಿ. ಅದು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ. ಜೆ.ಎನ್. ಟಾಟಾ, ಕೆ.ಸಿ. ಮಹೀಂದ್ರಾ ಕೊಡುವುದು ಹೆಸರಿಗೆ ಸ್ಕಾಲರ್‌ಶಿಪ್ ಆದರೂ ಅದು ಸಾಲವೇ, ತೀರಿಸಬೇಕು.

ಓದಿದ ಮೇಲೆ ಅಲ್ಲೇ ಕೆಲಸ ಹುಡುಕಲು ಐರ್ಲೆಂಡ್ ಎರಡು ವರ್ಷ ಕೊಡುತ್ತದೆ, ಸ್ವೀಡನ್ ಒಂದು ವರ್ಷ, ಸ್ವಿಟ್ಜರ್‌ಲೆಂಡ್ ಬರೀ ಆರು ತಿಂಗಳು. ಬ್ರಿಟನ್ನಿನ ಎರಡು ವರ್ಷ 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಆದರೆ ಕೆಲಸಗಳೇ ಕುಗ್ಗುತ್ತಿವೆ. 2025ರಲ್ಲಿ ಅಮೆರಿಕ ನೆರವು ನಿಲ್ಲಿಸಿದ ಮೇಲೆ ಎನ್‌ಜಿಒಗಳು ಜನರನ್ನು ಕೆಲಸದಿಂದ ತೆಗೆದವು, ವಿಶ್ವಸಂಸ್ಥೆಯೇ ದುಡ್ಡಿಲ್ಲದೆ ಒದ್ದಾಡುತ್ತಿದೆ. ಇಲ್ಲಿ 2020ರ ಎಫ್‌ಸಿಆರ್‌ಎ ತಿದ್ದುಪಡಿ ವಿದೇಶಿ ದೇಣಿಗೆಯನ್ನು ಬಿಗಿ ಮಾಡಿತು. ಬೆಂಗಳೂರಿನಿಂದ ನಡೆಯುತ್ತಿದ್ದ ಆಮ್ನೆಸ್ಟಿ ಇಂಡಿಯಾ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೆಲಸ ನಿಲ್ಲಿಸಿತು.

ಎರಡು ಮೂರು ಕೋರ್ಸುಗಳಿಗೆ ಇಳಿಸಿಕೊಂಡ ಮೇಲೆ, ಅಲ್ಲಿ ಓದಿ ಬಂದ ಒಬ್ಬರನ್ನಾದರೂ ಲಿಂಕ್ಡ್‌ಇನ್‌ನಲ್ಲಿ ಹಿಡಿಯಿರಿ. ‘ಹೇಗಿತ್ತು?’ ಅಂದರೆ ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ಹೀಗೆ ಕೇಳಿ: ಕ್ಲಿನಿಕ್‌ನಲ್ಲಿ ಕೇಳಿದವರಿಗೆಲ್ಲ ಜಾಗ ಸಿಗುತ್ತದಾ, ಆಯ್ಕೆ ಇದೆಯಾ? ವೆಬ್‌ಸೈಟಿನಲ್ಲಿ ಫೋಟೊ ಇರುವ ದೊಡ್ಡ ಪ್ರೊಫೆಸರ್ ಆ ವರ್ಷ ಪಾಠ ಮಾಡಿದರಾ, ರಜೆಯಲ್ಲಿದ್ದರಾ? ಪಟ್ಟಿಯಲ್ಲಿರುವ ಐಚ್ಛಿಕ ವಿಷಯಗಳಲ್ಲಿ ನಿಜವಾಗಿ ನಡೆದದ್ದು ಎಷ್ಟು? ನಿಮ್ಮ ಬ್ಯಾಚಿನ ಭಾರತೀಯರು ಈಗ ಎಲ್ಲಿದ್ದಾರೆ?